ಮೂರನೇ ಹಾಡಿನ ಮೌನ

ಆಗಸ್ಟ್ 6, ಬುಧವಾರ

ಡ್ಯೂಟಿ ಮುಗಿಸಿ ಬಂದೆ. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳೆಲ್ಲ ಹೊರಟಿವೆ, ನಮ್ಮ ಐಸ್ ಪ್ಲಾಂಟಿನ ಮುಂದೆ ಕ್ಯೂ. ಕಂಪ್ರೆಸರ್ ನಿಲ್ಲುವುದೇ ಇಲ್ಲ. ಗಂಗೊಳ್ಳಿಯ ಮೀನೆಲ್ಲ ತಣ್ಣಗಿರುವುದು ನನ್ನ ಕಿವಿಯಿಂದ ಎನ್ನುತ್ತಾರೆ ಧಣಿ. ಬೇರಿಂಗ್ ಸವೆದದ್ದು, ಅಮೋನಿಯಾ ಗ್ಯಾಸ್ ಸೋರುವುದು, ಎಲ್ಲ ಕೇಳಿಯೇ ಹಿಡಿಯುತ್ತೇನಂತೆ. ಹೊಗಳಿಕೆಗೇನು ಖರ್ಚು.

ಗೆಳೆಯ ಸುಶಾಂತ್ ಲಿಂಕ್ ಕಳಿಸಿದ್ದಾನೆ. ಅವನ ಬ್ಯಾಂಡ್ ‘ಅಳಿವೆ’ಯ ಮೊದಲ ಆಲ್ಬಮ್, ‘ಆಸಾಡಿ’, ಅಂದರೆ ಆಷಾಢ. ಬ್ರಹ್ಮಾವರದ ಮೂವರು, ಡೂಮ್ ಮೆಟಲ್ ಎಂಬ ನಿಧಾನದ, ಭಾರದ ರಾಕ್ ಸಂಗೀತ. ಡ್ರಮ್ಸ್ ರೆಕಾರ್ಡ್ ಮಾಡಿದ್ದು ನಮ್ಮ ಪ್ಲಾಂಟಿನಲ್ಲೇ, ನಿಷೇಧದಲ್ಲಿ ಟ್ಯಾಂಕ್ ಒಣಗಿದ್ದಾಗ. ಬೀಗದ ಕೈ ಕೊಟ್ಟವನು ನಾನು.

ಹಳೆಯ ಕ್ರಮದ ಡೂಮ್. ಅವಸರವೇ ಇಲ್ಲ. ಗಿಟಾರಿನ ಒಂದು ರಿಫ್, ಅದೇ ಸ್ವರಗಳ ಸುತ್ತು, ಮುಗಿಯುವಷ್ಟರಲ್ಲಿ ಗಂಜಿ ಉಂಡು ಏಳಬಹುದು. ಬೇಸ್ ಹೊಟ್ಟೆಯೊಳಗೆ ಕೂತುಬಿಟ್ಟಿತು. ಎಷ್ಟು ದಿನವಾಗಿತ್ತು ಒಂದು ಶಬ್ದ ಇಷ್ಟು ಸ್ಪಷ್ಟ ಕೇಳಿ... ಈಚೆಗೆ ಎಲ್ಲರೂ ಬಾಯೊಳಗೇ ಮಾತಾಡುತ್ತಾರೆ. ನನ್ನ ಹೆಂಡತಿ ಶ್ರೀಲತಾ ಕೂಡ.

‘ಒಂದ್ಸಲ ಕಿವಿ ತೋರ್ಸ್ಕಂಡ್ ಬನ್ನಿ’ ಎಂದು ಅವಳ ವರಾತ. ಆಲ್ಬಮ್ ಪೂರ್ತಿ ಕೇಳಿದ ಕಿವಿಗೆ ಎಂತ ರೋಗ?

ಆಗಸ್ಟ್ 8

ಮೂರನೇ ಹಾಡು ಮತ್ತೆ. ನಡುವೆ ಗಿಟಾರ್ ಪೂರ್ತಿ ನಿಲ್ಲುತ್ತದೆ. ಡ್ರಮ್ಸೂ ಇಲ್ಲ. ಏನೂ ಇಲ್ಲ. ತುಂಬ ಹೊತ್ತು. ಆಮೇಲೆ ಒಮ್ಮೆಲೇ ರಿಫ್ ಬಂದು ಬೀಳುತ್ತದೆ. ಇಷ್ಟು ಹೊತ್ತು ಸುಮ್ಮನಿರುವ ಧೈರ್ಯ ಯಾರಿಗಿದೆ ಈಗ? ‘ಆಲ್ಬಮ್ಮಿಗೇ ಜೀವ ಆ ಮೌನ’ ಎಂದು ಸುಶಾಂತ್‌ಗೆ ಮೆಸೇಜ್ ಹಾಕಿದೆ.

ಉತ್ತರ ಬಂತು: ‘ಯಾವ್ ಮೌನ ಮಾರಾಯಾ? ತಮಾಷಿ ಮಾಡ್ತ್ಯಾ?’

ವಿನಯ ಜಾಸ್ತಿ ಅವನಿಗೆ.

ಆಗಸ್ಟ್ 10, ಭಾನುವಾರ, ಸಂಜೆ

ಶ್ರೀಲತಾಳನ್ನು ಕೂರಿಸಿ ಕೇಳಿಸಿದೆ. ‘ಎಮ್ಮಿ ಕೂಗ್ದಂಗ್ ಇತ್ತ್’ ಎಂದಳು. ಸುಮ್ಮನೆ ಕೇಳು ಎಂದೆ. ಮೂರನೇ ಹಾಡು, ಗಿಟಾರ್ ನಿಂತಿತು. ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಅವಳ ಬೆರಳು ತೊಡೆಯ ಮೇಲೆ ಲೆಕ್ಕ ಹಾಕುತ್ತಿತ್ತು. ತಪ್ಪದ ಲಯ.

‘ಎಂತಕ್ ಬೆರಳ್ ಆಡ್ಸೂದ್?’

‘ತಾಳ ಬತ್ತಿತ್ತಲೆ. ಆಟದ್ ಭಾಗವತ್ರ್ ತಾಳ. ಪಸ್ಟ್ ಕ್ಲಾಸ್ ಇತ್ತ್ ಇದೊಂದ್.’

ನಗುತ್ತಿದ್ದಳು. ನಾನು ನಗಲಿಲ್ಲ. ಅವಳ ನಗು ನಿಂತಿತು.

‘ನಿಮ್ಗ್ ಕೇಂತಿಲ್ಯಾ?’

ಸುಶಾಂತ್‌ಗೆ ಫೋನ್ ಮಾಡಿದೆ. ಹೌದಂತೆ. ಅವನ ಮಾವ ಯಕ್ಷಗಾನದ ಭಾಗವತರು. ಕೊನೆಗೆ ಅವರ ಮನೆಯಲ್ಲೇ ರೆಕಾರ್ಡ್ ಮಾಡಿ ಸೇರಿಸಿದ್ದು. ಬರೀ ಕಂಚಿನ ತಾಳದ ಸಣ್ಣ ಕಿಣಿಕಿಣಿ, ಬೇರೇನೂ ಇಲ್ಲ. ಆಲ್ಬಮ್ಮಿಗೇ ಜೀವ ಅದು ಎಂದ.

ಹೆದರಿಕೆಯಾಗುತ್ತಿದೆ.

ಆಗಸ್ಟ್ 18

ಕುಂದಾಪುರ. ಡಾಕ್ಟರ್ ಗಾಜಿನ ಗೂಡಿನಲ್ಲಿ ಕೂರಿಸಿದರು. ಶಬ್ದ ಕೇಳಿದಾಗ ಬಟನ್ ಒತ್ತಬೇಕು. ಒತ್ತಿದೆ, ಒತ್ತಿದೆ... ಆಮೇಲೆ ಒತ್ತುವಂಥದ್ದೇ ಬರಲಿಲ್ಲ. ಹೊರಗೆ ಅವರು ಮೆಷಿನಿನ ಗುಂಡಿ ತಿರುಗಿಸುತ್ತಲೇ ಇದ್ದರು.

ದಪ್ಪ ಶಬ್ದ ಉಳಿದಿದೆ, ಸಣ್ಣ ಚೂಪು ಶಬ್ದ ಹೋಗಿದೆ. ಹೋದದ್ದು ಬರುವುದಿಲ್ಲ. ಉಳಿದದ್ದು ಉಳಿಯಬೇಕಾದರೆ ಕಂಪ್ರೆಸರ್ ಹತ್ತಿರ ಹೋಗಬಾರದು. ಕಂಪ್ರೆಸರ್ ಹತ್ತಿರ ಹೋಗದ ಆಪರೇಟರ್‌ಗೆ ಯಾರು ಕೆಲಸ ಕೊಡುತ್ತಾರೆ? ಬೇರೆ ಕೆಲಸ ನನಗೆ ಬರುವುದೂ ಇಲ್ಲ.

ಧಣಿಗೆ ಹೇಳಲಿಲ್ಲ. ಯಾರಿಗೂ ಹೇಳಬೇಡ ಎಂದು ಶ್ರೀಲತಾಗೂ ಹೇಳಿದ್ದೇನೆ. ಬೋಟುಗಳಿಗೆ ಐಸ್ ಬೇಕು, ನನಗೆ ಡ್ಯೂಟಿ ಬೇಕು. ಬೇರಿಂಗ್ ಕೇಳುತ್ತದಲ್ಲ, ನಡೆಯುತ್ತದೆ.

ಸೆಪ್ಟೆಂಬರ್ 3

ನಡೆಯಲಿಲ್ಲ.

ವಾಲ್ವ್ ಪಕ್ಕದಲ್ಲೇ ನಿಂತಿದ್ದೆ. ಗ್ಯಾಸ್ ಸುಯ್ ಎಂದು ಹೊರಬೀಳುತ್ತಿತ್ತಂತೆ. ಆ ವಾಸನೆಗೆ ಮೂಗು ಎಂದೋ ಸತ್ತಿದೆ, ಕಿವಿಯ ಮೇಲೇ ನನ್ನ ಭರವಸೆ. ಐಸಿನ ಕ್ಯಾನ್ ಎತ್ತುವ ಚಂದ್ರ ಆಚೆ ತುದಿಯಿಂದ ಓಡಿ ಬಂದ. ‘ಹ್ವಾಯ್, ಗ್ಯಾಸ್! ಕೇಂತಿಲ್ಯಾ?’ ನನ್ನನ್ನು ದೂಡಿ ತಾನೇ ವಾಲ್ವ್ ತಿರುಗಿಸಿದ. ಗ್ಯಾಸ್ ಅವನ ಮುಖಕ್ಕೇ ಹೊಡೆಯಿತು.

ಆಸ್ಪತ್ರೆಯಲ್ಲಿದ್ದಾನೆ. ಎರಡೂ ಕಣ್ಣಿಗೆ ಬ್ಯಾಂಡೇಜ್. ಅವನ ಹೆಂಡತಿ ನನ್ನ ಮುಂದೆ ನಿಂತು ಏನೋ ಕೇಳಿದಳು. ತಲೆ ಆಡಿಸಿದೆ. ಏನಕ್ಕೆ ಹೌದೆಂದೆನೋ.

ಸೆಪ್ಟೆಂಬರ್ 4

ಧಣಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಗೊತ್ತಾದ್ ದಿನವೇ ಹೇಳುಕಾಗ್ದಾ ಜಿತೇಂದ್ರ’ ಎಂದರು. ಬೀಗದ ಕೈ ಮೇಜಿನ ಮೇಲಿಟ್ಟು ಬಂದೆ.

ಸೆಪ್ಟೆಂಬರ್ 21, ಭಾನುವಾರ, ಮಧ್ಯಾಹ್ನ

ಚಂದ್ರನ ಬಲಗಣ್ಣು ಉಳಿಯಲಿಲ್ಲ. ಅವನ ಮನೆಗೆ ಹೋಗಿದ್ದೆ. ‘ನಿಮ್ಗ್ ಕೇಂಡಿದ್ರೆ ನೀವೇ ಬಂದ್ ಮಾಡ್ತಿದ್ರಿ ಅಲ್ದಾ’ ಎಂದು ಗಟ್ಟಿಯಾಗಿ, ನನಗೆ ಕೇಳುವ ಹಾಗೆ ಹೇಳಿದ. ಡಾಕ್ಟರ್ ಮೊದಲೇ ಎಚ್ಚರಿಸಿದ್ದು ಅವನಿಗೆ ಗೊತ್ತಿಲ್ಲ. ಹೇಳದೇ ಎದ್ದು ಬಂದೆ.

ಮನೆಗೆ ಬಂದು ‘ಆಸಾಡಿ’ ಹಾಕಿದ್ದೇನೆ. ಈಗ ಬೇಸ್ ಕೂಡ ಗೋಡೆಯಾಚೆ ಹೋದ ಹಾಗೆ. ತಾಳ ಬಂದಾಗ ಕೈ ಮೇಲೆ ತಟ್ಟು ಎಂದಿದ್ದೇನೆ ಶ್ರೀಲತಾಗೆ. ಪಕ್ಕದಲ್ಲೇ ಕೂತಿದ್ದಾಳೆ. ಅವಳ ಬೆರಳು ನನ್ನ ಎಡಗೈ ಮೇಲೆ, ಬಲಗೈಯಲ್ಲಿ ಪೆನ್ನು.

ಗಿಟಾರ್ ನಿಂತಿತು. ಬೆರಳು ಶುರು. ಮೆಲ್ಲಗೆ... ಸ್ವಲ್ಪ ಜೋರು... ಹೀಗಿತ್ತೋ ಇದು.

ಬೆರಳು ನಿಂತಿತು. ರಿಫ್ ಇನ್ನೂ ಬಂದಿಲ್ಲ. ಅಥವಾ ಬಂದಿದೆಯೋ? ಬಂತಾ ಎಂದು ಕೇಳಿದೆ. ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಬಾಯಿ ತೆರೆದಳು, ಏನೋ ಹೇಳುತ್ತಿದ್ದಾಳೆ. ತುಟಿ ಮಾತ್ರ ಕಾಣುತ್ತಿದೆ.