ಸಣ್ಣಪುಟ್ಟ ತಿದ್ದುಪಡಿ

೧೪ ಮಾರ್ಚ್, ಗುರುವಾರ. ಬಂಡುಂಗ್.

ನನ್ನ ಎಂಟು ತಿಂಗಳ ಕೆಲಸಕ್ಕೆ ನಮ್ಮ ತಂಡದ ಹಿರಿಯ, ನಾವೆಲ್ಲ ಕಾಂಗ್ ಅಂದರೆ ಅಣ್ಣ ಅಂತ ಕರೆಯುವ ವಿಲ್ದಾನ್ ಇಟ್ಟ ಹೆಸರು "ಸಣ್ಣಪುಟ್ಟ ತಿದ್ದುಪಡಿ."

ಕೋಡ್‌ನಲ್ಲಿ ಏನನ್ನು ಯಾಕೆ ಬದಲಿಸಿದೆವು ಅಂತ ಕಮಿಟ್ ಟಿಪ್ಪಣಿ ಬರೆಯಲು ಬಳಸುವ ಎಡಿಟರ್ ತಂತ್ರಾಂಶ ನಮ್ಮದು. ಅಕಸ್ಮಾತ್ ಮುಚ್ಚಿಹೋದರೆ ಅರ್ಧ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು. ಅದು ಉಳಿಯುವ ಹಾಗೆ ಮಾಡಿದವಳು ನಾನು. ಇವತ್ತು ಹೊಸ ಆವೃತ್ತಿ ಹೊರಬಂತು. ನೋಡಿದರೆ ನನ್ನ ಹೆಸರಲ್ಲಿ ದಾಖಲಾಗಿದ್ದ ನಲವತ್ತೊಂದು ಬದಲಾವಣೆಗಳನ್ನೂ, ಅಂದರೆ ಕಮಿಟ್‌ಗಳನ್ನೂ, ಸೇರಿಸಿ ಒಂದೇ ಮಾಡಿದ್ದಾನೆ, ಮೇಲೆ ತನ್ನ ಹೆಸರು.

ಸಂಜೆ ತಂಡದವರೆಲ್ಲ ಸೇರಿ ರಂಜಾನ್ ಉಪವಾಸ ಬಿಡುವಾಗ ಎಲ್ಲರೆದುರೇ ಅವನನ್ನು ಕೇಳಿದೆ.

"ನೋಡೋಕೆ ಚೊಕ್ಕಟವಾಗಿರ್ಲಿ ಅಂತ ಮಾಡ್ದೆ ಕಣೇ ಲಿಲಿಸ್. ಯಾರ ಹೆಸರಿದ್ರೇನು, ನಾವೆಲ್ಲ ಒಂದೇ ಮನೆಯವರಲ್ವಾ?"

"ಹಾಗಾದ್ರೆ ನನ್ನ ಹೆಸರೇ ಇರಬಹುದಿತ್ತಲ್ಲ, ಕಾಂಗ್?"

ಎಲ್ಲರೂ ನಕ್ಕರು. ಅವನೂ ನಕ್ಕು, ಬಾಳೆಹಣ್ಣಿನ ಕೋಲಕ್ ಪಾಯಸದ ಬಟ್ಟಲನ್ನು ನನ್ನ ಕಡೆ ತಳ್ಳಿದ. "ಕೋಪ ಬಿಡು, ತಿನ್ನು. ಶನಿವಾರ ಜಕಾರ್ತದ ಸಮ್ಮೇಳನದಲ್ಲಿ ಇದರ ಬಗ್ಗೆ ನಾನು ಮಾತಾಡ್ಬೇಕು. ಇದು ಹೇಗೆ ಕೆಲಸ ಮಾಡುತ್ತೆ ಅಂತ ಎರಡು ಪುಟ ಬರೆದ್ಕೊಡ್ತೀಯಾ?"

"ಆಯ್ತು" ಅಂದೆ.

ಅವನು ಕದ್ದದ್ದು ಅವನ ಗುಣ. ಆದರೆ ನನ್ನ ಬಾಯಿಂದ ಆ "ಆಯ್ತು" ಅಷ್ಟು ಸಲೀಸಾಗಿ ಹೇಗೆ ಬಂತು? ಎರಡು ಪುಟ ಬರೆದು ಕಳಿಸಿಯೂ ಆಯಿತು. ಥೂ, ಚೆನ್ನಾಗಿಯೇ ಬಂದಿದೆ, ಅದೇ ಇನ್ನೂ ಬೇಜಾರು.