ಅಣ್ಣ ತಂದ ಕತ್ತಿ

೮ ಫೆಬ್ರವರಿ ೨೦೨೬, ಭಾನುವಾರ, ಹಿರಿಯೂರು

ಅಣ್ಣನಿಗೆ ಸುಳ್ಳು ಹೇಳಿದೆ. ಅದೂ ಈ ವಯಸ್ಸಿನಲ್ಲಿ, ಒಂದು ಗೊಂಬೆಯ ವಿಷಯಕ್ಕೆ.

ಯಲ್ಲದಕೆರೆಯಿಂದ ಬಂದಿದ್ದ ಅಣ್ಣ, ಪಾಲಣ್ಣ, ನನ್ನ ಗಾಜಿನ ಕಪಾಟಿನ ಮುಂದೆ ಬಹಳ ಹೊತ್ತು ನಿಂತಿದ್ದ. ಚಿಕ್ಕಂದಿನಲ್ಲಿ ನಾನು ಹುಚ್ಚು ಹಿಡಿಸಿಕೊಂಡಿದ್ದ ಕೆಂಪು ಮುಸುಕಿನ ವೀರನ ನಾಲ್ಕೂ ಸಿನಿಮಾಗಳ ಗೊಂಬೆಗಳು ಅಲ್ಲಿವೆ, ಎಲ್ಲವೂ ಅಸಲಿ.

“ನಾನ್ ಮಾಡ್ಕೊಟ್ಟಿದ್ದು ಎಲ್ಲೈತವ್ವ?”

“ಅಟ್ಟದ ಮೇಲೈತೆ ಕಣಣ್ಣ, ಜೋಪಾನವಾಗಿ ಇಟ್ಟೀನಿ.”

ಎಲ್ಲಿಯ ಅಟ್ಟ! ನಾನು ಓದಲು ಹಾಸ್ಟೆಲಿಗೆ ಹೊರಟಾಗ ಅಣ್ಣ ಆ ವೀರನನ್ನು ಕುರಿ ಕಾಯುತ್ತಲೇ ಬೇವಿನ ತುಂಡಿನಲ್ಲಿ ಕೆತ್ತಿ ಕೊಟ್ಟಿದ್ದ. ಕುರಿಗಳಿಗೆ ಗುರುತು ಹಾಕುವ ಕೆಂಪು ಬಣ್ಣವನ್ನೇ ಮುಸುಕಿಗೆ ಬಳಿದಿದ್ದ. ಹಾಸ್ಟೆಲಿನ ಹುಡುಗಿಯರು “ಕುರಿ ವೀರ” ಎಂದು ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಆಮೇಲೆ ಅದನ್ನು ನೀರೊಲೆಗೆ ಹಾಕಿದೆ.

ನನ್ನ ಸುಳ್ಳಿಗೆ ಅಣ್ಣನ ಮುಖ ಅರಳಿತು. ಅಂಗಿ ಜೇಬಿನಿಂದ ಬೆರಳುದ್ದದ ಮರದ ಕತ್ತಿಯೊಂದನ್ನು ತೆಗೆದ.

“ಅವತ್ತು ಇದು ಮುಗ್ದಿರ್ಲಿಲ್ಲ, ನೀನು ಹಾಸ್ಟೆಲಿಗೆ ಹೊರಟ್ಬಿಟ್ಟೆ. ಮೊನ್ನೆ ಹಳೇ ಪೆಟ್ಟಿಗೇಲಿ ಸಿಕ್ತು. ಅದರ ಕೈಗೆ ಕೊಡವ್ವ.”

ಅವನನ್ನು ಬಸ್ಸು ಹತ್ತಿಸಿ ಬಂದವಳು ಕಪಾಟು ತೆಗೆದು, ಒಂದೊಂದೇ ಗೊಂಬೆಗೆ ಆ ಕತ್ತಿ ಹಿಡಿಸಿ ನೋಡಿದೆ. ಒಂದರ ಕೈಯಲ್ಲೂ ನಿಲ್ಲಲಿಲ್ಲ.