‘ಗೊತ್ತಿಲ್ಲ, ನೋಡಿ ಹೇಳ್ತೀನಿ’ ಎಂದವಳ ಪರವಾಗಿ

ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳಿಗೆ ನಿಮ್ಮ ಕ್ರೈಸ್ತ ಕಾಲೇಜಿನಲ್ಲಿ ಸೀಟು ಇಲ್ಲ ಎಂದು ತಿಳಿಸಿದ್ದೀರಿ. ಸೀಟು ಸಿಗದವರು ಲೋಕದಲ್ಲಿ ಬಹಳ ಮಂದಿ. ಅವರೆಲ್ಲರ ತಾಯಂದಿರು ಪತ್ರಿಕೆಗೆ ಬರೆಯತೊಡಗಿದರೆ ಸುದ್ದಿಗೆ ಜಾಗ ಉಳಿಯುವುದಿಲ್ಲ. ಆದರೆ ನೀವು ಕೊಟ್ಟ ಕಾರಣ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಹೋಗುತ್ತಲೇ ಇಲ್ಲ: ‘ಅಭ್ಯರ್ಥಿಯು ನಂಬಿಕೆಯ ವಿಷಯದಲ್ಲಿ ಅಸ್ಪಷ್ಟಳಾಗಿದ್ದಾಳೆ, ಮನೆಯಲ್ಲೇ ಕಲಿತಿರುವುದರಿಂದ ಗುಂಪಿನಲ್ಲಿ ಹೊಂದಿಕೊಳ್ಳುವ ಅಭ್ಯಾಸವಿಲ್ಲ.’ ನಿಮಗೆ ಖಾಸಗಿಯಾಗಿ ಬರೆದು ನೋಡಿದೆ. ಉತ್ತರವಿಲ್ಲ. ಕಿವಿಯಲ್ಲಿ ಹೇಳಿದ್ದು ಕೇಳಿಸದವರಿಗೆ ಬೀದಿಯಲ್ಲಿ ನಿಂತು ಹೇಳುವುದೇ ದಾರಿ.

ಮೊದಲು ನಮ್ಮ ಶಾಲೆಯ ಪರಿಚಯ ಮಾಡಿಕೊಡುತ್ತೇನೆ. ನನ್ನ ಗಂಡ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲೊಂದು ಉದ್ದನೆಯ ಮೇಜು. ಅದರ ಒಂದು ತುದಿಯಲ್ಲಿ ಅವರು ಗಾಜಿನ ಅಂಚು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾರೆ. ಇನ್ನೊಂದು ತುದಿ ಮಗಳ ತರಗತಿ. ಅಕ್ಷರ ಕಲಿತದ್ದು ಕಣ್ಣಿನ ಪರೀಕ್ಷೆಯ ಪಟದಿಂದ. ಮೇಲಿನ ಸಾಲಿನ ದಪ್ಪ ಅಕ್ಷರ ಮೊದಲು, ಕೆಳಗಿನ ಸಣ್ಣ ಅಕ್ಷರ ಕಡೆಗೆ. ಹೀಗಾಗಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದೆಲ್ಲ ಕಷ್ಟದ ಪಾಠವೆಂದು ಅವಳು ಬಹಳ ಕಾಲ ನಂಬಿದ್ದಳು. ನಿಮ್ಮ ಕಾಲೇಜಿನ ನಿಯಮಾವಳಿ ಓದಿದ ಮೇಲೆ ಅದು ಮಕ್ಕಳ ಮಾತೇನೂ ಅಲ್ಲ ಎಂದು ನನಗೂ ಅನ್ನಿಸಿದೆ.

ನಾನು ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದು, ದಿನಕ್ಕೊಂದು ಕವಿತೆ ಓದದೆ ಒಲೆ ಹಚ್ಚದ ಹೆಂಗಸು. ಅತ್ತೆ ನನ್ನನ್ನು ಕರೆಯುವುದು ‘ಟೀಚರಮ್ಮ’ ಎಂದು. ಮೊಮ್ಮಗಳು ಪ್ರತಿವರ್ಷ ಪಾಸಾದಾಗಲೂ ಅವರದು ಒಂದೇ ರಾಗ: “ಒಬ್ಬಳೇ ಇರೋ ಕ್ಲಾಸಲ್ಲಿ ಫಸ್ಟ್ ಬಂದ್ಲಂತೆ! ಲಾಸ್ಟ್ ಬಂದಿದ್ದೂ ಅವಳೇ ತಾನೆ, ಟೀಚರಮ್ಮ?” ಕೊನೆಗೆ ಅವಳು ಹೊರ ಅಭ್ಯರ್ಥಿಯಾಗಿ ಸರ್ಕಾರಿ ಪರೀಕ್ಷೆ ಬರೆದಳು. ಅಂಕಗಳ ಬಗ್ಗೆ ನಿಮಗೂ ತಕರಾರಿಲ್ಲ.

ತಕರಾರು ಶುರುವಾದದ್ದು ನಿಮ್ಮ ಕಚೇರಿಯ ಕಿಟಕಿಯಲ್ಲಿ. ಎಲ್ಲಿ ಓದಿದ್ದು ಎಂದು ಗುಮಾಸ್ತರು ಕೇಳಿದರು. ‘ಮನೆಪಾಠ’ ಎಂದೆ.

“ಮನೆಪಾಠಕ್ಕೆ ಎಲ್ಲ ಮಕ್ಕಳೂ ಹೋಗ್ತಾರೆ ಕಣ್ರೀ. ನಾನು ಕೇಳಿದ್ದು ಸ್ಕೂಲು.”

“ಅವಳಿಗೆ ಮನೇನೇ ಸ್ಕೂಲು.”

“ಹಾಗಾದ್ರೆ ಸ್ಕೂಲಿಗೆ ಹೋಗೋಕೆ ಮುಂಚೆ ಮನೆಪಾಠಕ್ಕೆ ಹೋಗ್ತಿದ್ಲಾ, ಬಂದ ಮೇಲಾ?”

ಟ್ಯೂಷನ್ನಿಗೆ ಅಂಟಿಕೊಂಡ ಆ ಪದವನ್ನು ಬಿಡಿಸಲು ನನ್ನ ಪದವಿಗೆ ಶಕ್ತಿ ಸಾಲಲಿಲ್ಲ. ಕಡೆಯದಾಗಿ ಓದಿದ ಶಾಲೆಯ ಮುಖ್ಯಸ್ಥರಿಂದ ನಡತೆಯ ಪ್ರಮಾಣಪತ್ರ ತನ್ನಿ ಎಂದರು. ಮುಖ್ಯಸ್ಥೆ ನಾನೇ ಎಂದೆ. “ತಾಯಿ ಕೊಟ್ಟಿದ್ದು ನಡೆಯಲ್ಲಮ್ಮ. ತಾಯಿಗೆ ಮಗಳ ನಡತೆ ಏನು ಗೊತ್ತಿರುತ್ತೆ?” ಎಂದರು. ಹದಿನೆಂಟು ವರ್ಷ ಒಂದೇ ಮೇಜಿಗೆ ಕೂತವಳಿಗೆ ಗೊತ್ತಿರುವುದಿಲ್ಲ. ಹಾಜರಿ ಕೂಗುವಾಗ ವರ್ಷಕ್ಕೊಮ್ಮೆ ತಲೆ ಎತ್ತಿ ನೋಡುವವರಿಗೆ ಗೊತ್ತಿರುತ್ತದೆ! ಆದರೂ ನಿಮ್ಮ ಕಾಲೇಜನ್ನೇ ಯಾಕೆ ಹಿಡಿದುಕೊಂಡೆವು ಎಂದು ಕೇಳುತ್ತೀರಾ? ನಾವಲ್ಲ, ಹಿಡಿದುಕೊಂಡವಳು ಅವಳು.

ಕಾಲೇಜು ನೋಡಲು ಸಾರ್ವಜನಿಕರನ್ನು ಬಿಟ್ಟ ದಿನ ಮೂವರೂ ಬಂದಿದ್ದೆವು. ನಿಮ್ಮ ಪ್ರಾರ್ಥನಾಮಂದಿರದ ಬಣ್ಣದ ಗಾಜನ್ನು ನನ್ನ ಗಂಡ ವೃತ್ತಿಯ ಕಣ್ಣಿನಿಂದ ಮೆಚ್ಚಿದರು. ಮಗಳು ಸಸ್ಯಶಾಸ್ತ್ರದ ಪ್ರಯೋಗಾಲಯದಲ್ಲಿ ನಿಂತುಬಿಟ್ಟಳು. ಒಣಗಿದ ಪಾಚಿಗೆ ನೀರು ಬಿದ್ದೊಡನೆ ಹಸಿರಾಗುತ್ತದಲ್ಲ, ಅಷ್ಟು ದಿನ ಅದು ಸತ್ತಿತ್ತೋ ಬದುಕಿತ್ತೋ ಎಂದು ಅಲ್ಲಿದ್ದ ಅಧ್ಯಾಪಕಿಯನ್ನು ಕೇಳಿದಳು. ಆಕೆ ಒಂದು ಗಳಿಗೆ ಯೋಚಿಸಿ, “ಗೊತ್ತಿಲ್ಲಮ್ಮ, ನೋಡಿ ಹೇಳ್ತೀನಿ,” ಎಂದರು. ವಾರದೊಳಗೆ ನೋಡಿ, ಬರೆದು ತಿಳಿಸಿದರು ಕೂಡ. ಬೇರೆ ಕಾಲೇಜುಗಳಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಕಾಲೇಜು ನೋಡಿದ ದಿನವೇ ಮಗಳು ಹೇಳಿದ್ದಳು: “ಅಮ್ಮ, ನಾನು ಇಲ್ಲೇ ಓದೋದು. ಇಲ್ಲಿ ನಮ್ಮನೆ ಮಾತು ಆಡ್ತಾರೆ.”

ಅದು ನಿಜಕ್ಕೂ ನಮ್ಮ ಮನೆಯ ಮಾತು. ಕಣ್ಣಿನ ಪರೀಕ್ಷೆಗೆ ಕೂತವರಲ್ಲಿ ಅರ್ಧ ಜನಕ್ಕೆ ಕೆಳಗಿನ ಸಾಲು ಕಾಣುವುದಿಲ್ಲ ಎನ್ನಲು ನಾಚಿಕೆ. ಊಹಿಸಿ ಓದಿಬಿಡುತ್ತಾರೆ. ನನ್ನ ಗಂಡ ಎಲ್ಲರಿಗೂ ಹೇಳುವುದು ಒಂದೇ: “ಕಾಣದೇ ಇದ್ರೆ ಕಾಣಲ್ಲ ಅನ್ನಿ. ಊಹೆ ಮಾಡಿದ್ರೆ ತಪ್ಪು ಕನ್ನಡಕ ಬರುತ್ತೆ.” ಹಿಂದಿನ ಕೋಣೆಯಲ್ಲಿ ಕೂತ ಮಗಳು ಇದನ್ನು ಕೇಳುತ್ತಲೇ ಬೆಳೆದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಬೇಕು, ಆಮೇಲೆ ನೋಡಬೇಕು, ನೋಡಿ ಬಂದು ಹೇಳಬೇಕು. ನಮ್ಮ ಶಾಲೆಗಿದ್ದ ನಿಯಮಾವಳಿ ಇಷ್ಟೇ. ದಪ್ಪ ಅಕ್ಷರದ್ದು.

ಇನ್ನು ಸಂದರ್ಶನ. ನಿಮ್ಮ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಹೊರಗಿನ ಬೆಂಚಿನಲ್ಲಿ ಕೂತ ನಮಗೆಲ್ಲ ಒಳಗಿನದು ಕೇಳಿಸುತ್ತಿತ್ತು. ‘ಕೃಪೆ ಎಂದರೇನು’ ಎಂದು ಎಲ್ಲರನ್ನೂ ಕೇಳುತ್ತಿದ್ದಿರಿ. ಒಬ್ಬೊಬ್ಬರೂ ನಿಮ್ಮದೇ ಪರಿಚಯ ಪುಸ್ತಿಕೆಯ ಸಾಲನ್ನು ಒಂದೇ ಉಸಿರಿಗೆ ಒಪ್ಪಿಸಿದರು: ‘ಅರ್ಹತೆಯಿಲ್ಲದವರಿಗೂ ದೇವರು ಉಚಿತವಾಗಿ ಕೊಡುವ ವರವೇ ಕೃಪೆ.’ ನೀವು “ಭೇಷ್” ಎಂದಿರಿ. ಅರ್ಹತೆ ಬೇಡದ ವರವನ್ನು ಕಂಠಪಾಠ ಮಾಡಿ ಎಲ್ಲರೂ ಅರ್ಹರಾದರು! ಇದಕ್ಕಿಂತ ಚಂದದ ಹಾಸ್ಯವನ್ನು ನಾನಂತೂ ಓದಿಲ್ಲ.

ಮಗಳ ಸರದಿ ಬಂತು.

“ಕೃಪೆ ಅಂದ್ರೇನಮ್ಮ? ನಿನ್ನ ಮಾತಲ್ಲೇ ಹೇಳು.”

ಅವಳೂ ಆ ಪುಸ್ತಿಕೆ ಓದಿದ್ದಳು. ಆದರೆ ನೀವು ಕೇಳಿದ್ದು ಅವಳ ಮಾತು. “ಗೊತ್ತಿಲ್ಲ ಸರ್, ನೋಡಿ ಹೇಳ್ತೀನಿ,” ಎಂದಳು.

“ಎಲ್ಲಿ ನೋಡ್ತೀಯಾ? ಮನೇಲಾ?” ಎಂದಿರಿ. ಒಳಗಿದ್ದವರೆಲ್ಲ ನಕ್ಕರು. ನನ್ನ ಗಂಡ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಮೊದಲೇ ಶುಭ್ರವಾಗಿತ್ತು.

ಮಾನ್ಯರೇ, ನಿಮ್ಮ ಮಂದಿರದಲ್ಲಿ ನೀವು ಯಾರೆದುರು ಮಂಡಿಯೂರುತ್ತೀರೋ ಅವರು ಬಡಗಿಯ ಮನೆಯಲ್ಲಿ ಬೆಳೆದವರು. ಹನ್ನೆರಡರ ವಯಸ್ಸಿನಲ್ಲಿ ದೇವಾಲಯದ ಪಂಡಿತರ ನಡುವೆ ಕೂತು ಪ್ರಶ್ನೆ ಕೇಳಿದರಂತೆ. ಯಾವ ಶಾಲೆಯ ಹುಡುಗ, ಪ್ರಮಾಣಪತ್ರ ಎಲ್ಲಿ ಎಂದು ಪಂಡಿತರು ಕೇಳಿದ ದಾಖಲೆಯಿಲ್ಲ. ಆ ಹುಡುಗನ ಪುಣ್ಯ, ನಿಮ್ಮ ಗುಮಾಸ್ತರು ಆಗ ಕಿಟಕಿಯಲ್ಲಿರಲಿಲ್ಲ. ಇನ್ನು ಅವರ ಶಿಷ್ಯರಲ್ಲಿ ಹಿರಿಯನಾದ ಮೀನುಗಾರ, ಗುರುವಿನ ಬಂಧನವಾದ ರಾತ್ರಿ ಕೋಳಿ ಕೂಗುವುದರೊಳಗೆ ಮೂರು ಸಲ ‘ಆತ ಯಾರೋ ನನಗೆ ಗೊತ್ತಿಲ್ಲ’ ಎಂದ. ಮೂರೂ ಸುಳ್ಳು. ಆದರೂ ಭಕ್ತರ ಮಂದೆ ಕಾಯುವ ಕೆಲಸ ಅವನಿಗೇ ಸಿಕ್ಕಿತು. ನನ್ನ ಮಗಳು ಒಂದೇ ಸಲ ಗೊತ್ತಿಲ್ಲ ಎಂದಳು, ಅದೂ ನಿಜವನ್ನೇ. ಅವಳಿಗೆ ಒಂದು ಬೆಂಚಿನ ತುದಿಯೂ ಇಲ್ಲವೇ?

ಗುಂಪಿನ ಮಾತಿಗೂ ಬರೋಣ. ಆ ದಿನ ನಿಮ್ಮ ಮೊಗಸಾಲೆ ತುಂಬ ಶಾಲೆಗಳಲ್ಲಿ ಕಲಿತ ಮಕ್ಕಳಿದ್ದರು. ಪ್ರತಿಯೊಬ್ಬರೂ ತಮ್ಮ ತಮ್ಮ ಫೋನಿನೊಳಗೆ ತಲೆ ಹುದುಗಿಸಿಕೊಂಡು, ಮೊಣಕೈಗೆ ಮೊಣಕೈ ತಾಗಿದರೂ ಮಾತಿಲ್ಲದೆ, ಅದ್ಭುತವಾಗಿ ಹೊಂದಿಕೊಂಡಿದ್ದರು. ನಮ್ಮವಳು ಮಾತ್ರ ಪಕ್ಕದ ಹುಡುಗಿಯನ್ನು ಮಾತಾಡಿಸಿ, ಸಂದರ್ಶನಕ್ಕೆ ಹೆದರಿದ್ದ ಅವಳ ಕೈ ಹಿಡಿದು ಕೂತಿದ್ದಳು. ಹೊಂದಿಕೊಳ್ಳುವ ಅಭ್ಯಾಸ ಬೇಕೆಂದರೆ ನನ್ನ ಅತ್ತೆಯವರ ಜೊತೆ ಒಂದು ವಾರ ಇದ್ದು ಬನ್ನಿ. ಬೇಕಿದ್ದರೆ ಪ್ರಮಾಣಪತ್ರ ನಾನೇ ಕೊಡುತ್ತೇನೆ.

ವ್ಯಂಗ್ಯ ಸಾಕು. ಅವಳಿಗೆ ಬೇರೆ ಕಾಲೇಜು ಸಿಗುತ್ತದೆ, ಅದು ನನಗೆ ಗೊತ್ತು. ನನ್ನ ಭಯ ಬೇರೆ. ಮುಂದಿನ ಸಂದರ್ಶನಕ್ಕೆ ಅವಳು ಪುಸ್ತಿಕೆಯ ಸಾಲನ್ನು ಬಾಯಿಪಾಠ ಮಾಡಿಕೊಂಡು ಹೋದರೆ? ಪಟದ ಕೆಳಗಿನ ಸಾಲು ಕಾಣದಿದ್ದರೂ ಕಂಡಿತೆಂದು ಓದಲು ಕಲಿತುಬಿಟ್ಟರೆ? ಆ ತಪ್ಪು ಕನ್ನಡಕವನ್ನು ಆಮೇಲೆ ಯಾರು ತೆಗೆಯುತ್ತಾರೆ?

ಅಂದು ನಿಮ್ಮ ಕೋಣೆಯಿಂದ ಹೊರಬಂದವಳು ಅಳಲಿಲ್ಲ. ಮನೆಯಲ್ಲಿ, ಪ್ರಾರ್ಥನೆಯಲ್ಲಿ, ಅಜ್ಜಿಯ ಬೈಗುಳದಲ್ಲಿ, ನನ್ನ ಕವಿತೆಗಳ ಕಪಾಟಿನಲ್ಲಿ ಕೃಪೆಯ ಅರ್ಥವನ್ನು ಹುಡುಕುತ್ತಲೇ ಇದ್ದಳು. ನಿಮ್ಮ ನಿರಾಕರಣೆ ಬಂದ ಮೇಲೂ ಹುಡುಕುವುದನ್ನು ಬಿಡಲಿಲ್ಲ. ಮೊನ್ನೆ ಮೇಜಿನಿಂದ ತಲೆ ಎತ್ತಿ, “ಸಿಕ್ತು ಅನ್ನಿಸುತ್ತೆ ಅಮ್ಮ,” ಎಂದಳು. ಏನು ಸಿಕ್ಕಿತೇ ಎಂದು ಕೇಳಿದೆ.

“ಕೇಳಿದ್ದು ನೀನಲ್ವಲ್ಲ, ಅವರು. ಅವರಿಗೇ ಹೇಳ್ತೀನಿ.”

ಆದ್ದರಿಂದ ನನ್ನ ಬೇಡಿಕೆ ಸೀಟಲ್ಲ. ಅವಳನ್ನು ಇನ್ನೊಮ್ಮೆ ಆ ಕೋಣೆಗೆ ಕರೆಯಿರಿ. ಬಾಗಿಲು ಎಂದಿನಂತೆ ಅರೆತೆರೆದೇ ಇರಲಿ. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇವೆ. ಉತ್ತರ ಏನೆಂದು ನನಗೂ ತಿಳಿಯಬೇಕಿದೆ. ನೋಡಿ ಹೇಳುತ್ತೇನೆ ಎಂದಿದ್ದಳು. ನೋಡಿದ್ದಾಳೆ. ಹೇಳಲು ಬಿಡಿ.

ಇಂತಿ,
ಒಬ್ಬಳೇ ವಿದ್ಯಾರ್ಥಿನಿಯ ಶಾಲೆಯನ್ನು ಮುಚ್ಚಲು ನಿಮ್ಮ ಕೃಪೆಗೆ ಕಾದಿರುವ,
ಟೀಚರಮ್ಮ